ಆಟಗಾರ ಕಾಣುತ್ತಿಲ್ಲ

ಷೂ ಪಟ್ಟಿ ಕಟ್ಟುವುದನ್ನು ಅತ್ತೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಡುಗುವ ಬೆರಳು ಪಟ್ಟಿಯ ತುದಿಯನ್ನು ಹುಡುಕುವುದು, ಸಿಕ್ಕ ತುದಿ ಜಾರುವುದು, ಮತ್ತೆ ಹುಡುಕುವುದು. ಅಳಿಯ ಕಾರಿನ ಕೀಲಿ ಹಿಡಿದು ಬಾಗಿಲ ಬಳಿ ನಿಂತಿದ್ದ. ನೋಡುತ್ತ ನಿಂತರೆ ಅವಸರ ಮಾಡಿದ ಹಾಗೆ, ನೋಡದೆ ನಿಂತರೆ ಅಸಡ್ಡೆ ಮಾಡಿದ ಹಾಗೆ. ಎರಡೂ ಬೇಡವೆಂದು ಗೋಡೆಯ ಸ್ವಿಚ್ಚುಗಳ ಮೇಲೆ ಕಣ್ಣಿಟ್ಟ. ಅವನಿಗೆ ತಿಳಿಯಬೇಕಾಗಿದ್ದದ್ದು ಒಂದೇ: ಅತ್ತೆಗೆ ಕೇಳಿಸಿತ್ತೋ ಇಲ್ಲವೋ. ತುಸು ಹೊತ್ತಿನ ಹಿಂದೆ, ಕೆಲಸಕ್ಕೆ ಹೊರಟು ಅಡುಗೆಮನೆಯಲ್ಲಿ ನಿಂತೇ ಚಹಾ ಕುಡಿಯುತ್ತಿದ್ದ ಹೆಂಡತಿಗೆ ಅವನು ಹೇಳಿದ್ದ: "ಆಸ್ಪತ್ರೆ ಬಾಗಿಲಲ್ಲೇ ಗಾಲಿ ಕುರ್ಚಿ ಇಟ್ಟಿರ್ತಾರಲ್ಲ, ಅದರಲ್ಲಿ ಕೂರಿಸಿಬಿಟ್ರೆ ಆಯ್ತಪ್ಪ. ಅವರಿಗೂ ಸುಸ್ತಾಗಲ್ಲ, ನನಗೂ ತಡ ಆಗಲ್ಲ." ಹೆಂಡತಿ ಲೋಟವನ್ನು ತೊಳೆಯುವ ತೊಟ್ಟಿಯಲ್ಲಿ ಸದ್ದಾಗುವಂತೆ ಇಟ್ಟು, "ಮೆಲ್ಲಗೆ," ಎಂದಿದ್ದಳು. ಅತ್ತೆ ಆಗ ಬಚ್ಚಲಲ್ಲಿದ್ದರು; ಅಲ್ಲಿನ ನಲ್ಲಿ ನಿಂತಿತ್ತೋ ಹರಿಯುತ್ತಿತ್ತೋ ಎಂದು ಅವನು ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ದಿನಾ ನೀರು ಪರೀಕ್ಷೆ ಮಾಡುವವನು, ತನ್ನ ಮನೆಯ ನಲ್ಲಿಯ ಸದ್ದನ್ನೇ ಗಮನಿಸಿರಲಿಲ್ಲ.

ಅತ್ತೆಯ ಕಾಯಿಲೆಗೆ ಬಾಗಿಲುಗಳೆಂದರೆ ಆಗದು. ತೆರಪಾದ ಜಾಗದಲ್ಲಿ ನಿಧಾನವಾಗಿಯಾದರೂ ನಡೆಯುತ್ತಿದ್ದರು. ಹೊಸ್ತಿಲು ಬಂತೆಂದರೆ ಪಾದಗಳು ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಮೈ ಮುಂದೆ ಹೊರಟಿರುತ್ತಿತ್ತು, ಕಾಲು ಹಿಂದೆಯೇ ಉಳಿಯುತ್ತಿತ್ತು. ಹಾಗೆಯೇ ಎರಡು ಸಲ ಬಿದ್ದಿದ್ದರು. ನರರೋಗದ ಡಾಕ್ಟರು ಹೋದ ಸಲ ಕನ್ನಡಕ ತೆಗೆದು ಹೇಳಿದ್ದರು: "ಅಮ್ಮಾ, ಮುಂದಿನ ಸಲ ನನ್ನ ಬಾಗಿಲಿಂದ ನೀವು ಹೇಗೆ ಒಳಗೆ ಬರ್ತೀರೋ ಕೂತು ನೋಡ್ತೀನಿ. ಬಂದ್ರಿ, ಸರಿ. ಇಲ್ಲಾಂದ್ರೆ ಗಾಲಿ ಕುರ್ಚಿಗೆ ಬರೆದುಕೊಡ್ತೀನಿ. ಅದೇನೂ ಅವಮಾನ ಅಲ್ಲ." ಕಾರಿನಲ್ಲಿ ಹಿಂದಿರುಗುವಾಗ ಅತ್ತೆ ಕಿಟಕಿಗೆ ಹೇಳುವಂತೆ ಹೇಳಿದ್ದರು: "ಅವಮಾನ ಅಲ್ಲವಂತೆ. ಹಾಗಾದ್ರೆ ಅವರೇ ಒಂದಿನ ಕೂತ್ಕೊಂಡು ನೋಡಲಿ." ಇವತ್ತೇ ಆ ಮುಂದಿನ ಸಲ. ಪ್ರತಿ ಸಲವೂ ಹೆಂಡತಿಯೇ ಜೊತೆಗೆ ಬರುತ್ತಿದ್ದಳು. ಅವನು ಕಾರು ನಿಲ್ಲಿಸುವ ಜಾಗದಲ್ಲಿ ಕಾಯುತ್ತಿದ್ದ. ಅವಳ ಕಚೇರಿಯಲ್ಲಿ ಇವತ್ತು ರಜೆ ಸಿಕ್ಕಿರಲಿಲ್ಲ.

ಪಟ್ಟಿ ಕೊನೆಗೂ ಕೂತಿತು. ಅತ್ತೆ ತಲೆ ಎತ್ತಿ, "ನಡೀರಿ ಅಳಿಯಂದ್ರೆ," ಎಂದರು. ಮುಖದಲ್ಲಿ ಏನೂ ಕಾಣಲಿಲ್ಲ. ಏನೂ ಇಲ್ಲವೆಂದಲ್ಲ. ಅವನ ಪ್ರಯೋಗಾಲಯದಲ್ಲಿ ಒಂದು ಮಾತಿತ್ತು. ನೀರಿನಲ್ಲಿ ಒಂದು ಲೋಹ ಉಪಕರಣಕ್ಕೆ ಸಿಗದಷ್ಟು ಕಡಿಮೆ ಇದ್ದರೆ 'ಇಲ್ಲ' ಎಂದು ಬರೆಯುವಂತಿಲ್ಲ, 'ಪತ್ತೆಯ ಮಿತಿಗಿಂತ ಕೆಳಗೆ' ಎಂದು ಬರೆಯಬೇಕು. ಹೊಸದಾಗಿ ಸೇರಿದವರಿಗೆ ಅವನು ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಇಲ್ಲದಿರುವುದು ಬೇರೆ, ಕಾಣದಿರುವುದು ಬೇರೆ. ಹೀಗೆ ಹೇಳುವಾಗಲೆಲ್ಲ ಅವನಿಗೆ ಅತ್ತೆಯ ಹಳೆಯ ಮನೆಯ ಟೀವಿ ನೆನಪಾಗುತ್ತಿತ್ತು. ಆದರೆ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಆ ಟೀವಿಯ ಮೇಲೆ, ಕಪ್ಪು ಕೋಲಿನಂಥ ಒಂದು ಕ್ಯಾಮೆರಾ ಕೂತಿರುತ್ತಿತ್ತು, ಕುಣಿತದ ವಿಡಿಯೋ ಗೇಮಿನದು. ಕೈಯಲ್ಲಿ ಏನನ್ನೂ ಹಿಡಿಯಬೇಕಾಗಿರಲಿಲ್ಲ, ಅದರ ಮುಂದೆ ನಿಂತರೆ ಸಾಕು, ಇಡೀ ಮೈಯನ್ನು ನೋಡಿ, ತಲೆ ಎಲ್ಲಿ, ಮೊಣಕೈ ಎಲ್ಲಿ, ಮಂಡಿ ಎಲ್ಲಿ ಎಂದು ಗುರುತು ಹಿಡಿಯುತ್ತಿತ್ತು. ತೆರೆಯ ಮೇಲೆ ಕುಣಿಯುವವರ ಹಾಗೆಯೇ ಕುಣಿದರೆ ಅಂಕ. ನಾದಿನಿ ತನ್ನ ಮೊದಲ ಸಂಬಳದಲ್ಲಿ ತಂದದ್ದು. ತಂದದ್ದು ತನಗಾಗಿ, ಹಿಡಿದುಕೊಂಡದ್ದು ಅತ್ತೆ. ಅವರು ಆಗಷ್ಟೇ ಅಂಚೆ ಕಚೇರಿಯಿಂದ ನಿವೃತ್ತರಾಗಿದ್ದರು. "ಇಷ್ಟು ವರ್ಷ ಗಾಜಿನ ತೂತಿನ ಹಿಂದೆ ಕೂತಿದ್ದೀನಿ," ಎನ್ನುತ್ತಿದ್ದರು, "ಊರಿನ ಜನಕ್ಕೆಲ್ಲ ನಾನು ಸೊಂಟದಿಂದ ಮೇಲಕ್ಕಷ್ಟೇ ಗೊತ್ತು. ಈ ಯಂತ್ರನಾದ್ರೂ ನನ್ನ ಕಾಲು ನೋಡಲಿ." ಸಡಿಲ ಬಟ್ಟೆಯಲ್ಲಿ ಕಾಲು ಎರಡಿವೆಯೆಂದು ಕ್ಯಾಮೆರಾಕ್ಕೆ ತಿಳಿಯುತ್ತಿರಲಿಲ್ಲ, ಅದಕ್ಕಾಗಿ ಮಗಳ ಹಳೆಯ ಪೈಜಾಮ ಹಾಕಿಕೊಂಡು, ಅದರ ಮೊಣಕಾಲಿನ ಮೇಲಿದ್ದ ಕರಡಿ ಚಿತ್ರದ ಬಗ್ಗೆ ಒಂದಿಷ್ಟೂ ನಾಚಿಕೆ ಪಡದೆ, ಸಂಜೆ ಬಂತೆಂದರೆ ಸೋಫಾ ತಳ್ಳಲು ನಿಲ್ಲುತ್ತಿದ್ದರು. ಸೋಫಾ ಊಟದ ಮೇಜಿಗೆ ಒತ್ತಬೇಕು, ಮೇಜು ಗೋಡೆಗೆ ಒತ್ತಬೇಕು, ಬಿಸಿಲು ಬಿದ್ದರೆ ಯಂತ್ರಕ್ಕೆ ಕಣ್ಣು ಕತ್ತಲೆ, ಆದ್ದರಿಂದ ಪರದೆ ಎಳೆಯಬೇಕು. ಆಮೇಲೆ ನೆಲದ ಮೇಲೆ ಅಂಟುಪಟ್ಟಿಯಿಂದ ಗುರುತು ಹಾಕಿದ್ದ ಜಾಗ. ಅಲ್ಲಿ ನಿಂತರೆ ಮನುಷ್ಯ, ಒಂದು ಹೆಜ್ಜೆ ಹಿಂದೆ ಸರಿದರೆ ಪೀಠೋಪಕರಣ.

ಮದುವೆಯಾಗಿ ಅವನು ಮೊದಲ ಸಲ ಉಳಿಯಲು ಬಂದ ದಿನವೇ ಅವನನ್ನು ಆ ಗುರುತಿನ ಮೇಲೆ ನಿಲ್ಲಿಸಿದ್ದರು. ಅವನು ಉದ್ದ, ಆ ಮನೆಯ ಛಾವಣಿ ಗಿಡ್ಡ. ಆಟ ಶುರುವಾಗುವ ಮೊದಲು ಎರಡೂ ಕೈ ಮೇಲೆತ್ತಿ ತಾನಿದ್ದೇನೆಂದು ಯಂತ್ರಕ್ಕೆ ತೋರಿಸಬೇಕಿತ್ತು. ಒಳ್ಳೆಯ ಅಳಿಯ ಎನ್ನಿಸಿಕೊಳ್ಳಬೇಕೆಂಬ ಹುಮ್ಮಸ್ಸಿನಲ್ಲಿ ಎತ್ತಿದ. ತಲೆಯ ಮೇಲಿದ್ದ ದೀಪದ ಗಾಜಿನ ಬುರುಡೆ, ನೀಲಿ ಹೂಗಳಿದ್ದದ್ದು, ಚೂರುಚೂರಾಗಿ ಅವನ ಭುಜದ ಮೇಲೆ, ಸೋಫಾದ ಮೇಲೆ, ಅತ್ತೆಯ ಪಾದದ ಸುತ್ತ ಬಿತ್ತು. ಹಾಡು ಮಾತ್ರ ನಿಲ್ಲಲಿಲ್ಲ. ಟೀವಿಯಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಲೇ ಇದ್ದರು. ಅವನ ಕಿವಿಯ ಬಿಸಿ ಇವತ್ತಿಗೂ ಅವನಿಗೆ ನೆನಪಿತ್ತು. ಅತ್ತೆ ಕೂತು, ದೊಡ್ಡ ಚೂರುಗಳನ್ನು ಒಂದೊಂದಾಗಿ ಹಳೆಯ ಪತ್ರಿಕೆಯ ಮೇಲೆ ಇಡುತ್ತ, "ಹೋಗ್ಲಿ ಬಿಡಿ ಅಳಿಯಂದ್ರೆ. ಆ ದೀಪ ನನಗೆ ಎಂದೂ ಇಷ್ಟ ಇರಲಿಲ್ಲ. ಹೇಗೆ ತೆಗೆಯೋದು ಅಂತಾನೇ ನೋಡ್ತಿದ್ದೆ," ಎಂದರು. ಅವನು ನಂಬಿದ. ನಂಬಿದ್ದು ಎರಡು ವರ್ಷ. ಆಮೇಲೊಮ್ಮೆ ಅವರ ಹಳೆಯ ಚಿತ್ರಗಳನ್ನು ನೋಡುವಾಗ, ಹರೆಯದ ಅತ್ತೆ ಅಂಗಡಿಯೊಂದರ ಮುಂದೆ ಅದೇ ನೀಲಿ ಬುರುಡೆಯನ್ನು ಮಗುವಿನಂತೆ ಎದೆಗೆ ಅಪ್ಪಿಕೊಂಡು ನಗುತ್ತಿದ್ದದ್ದು ಕಂಡಿತು. ಪುಟ ಮಗುಚಿದ.

ದೀಪ ಒಡೆದ ದಿನದಿಂದ ಅವನ ಮೊಣಕೈಗಳು ಪಕ್ಕೆಗೆ ಅಂಟಿಕೊಂಡವು. ಆ ಮನೆಗೆ ಹೋದಾಗಲೆಲ್ಲ ಕುಣಿದ, ಕುಣಿಯಲೇಬೇಕಿತ್ತು. ಆದರೆ ಮಣಿಕಟ್ಟಿನಿಂದ ಆಚೆಗೆ ಮಾತ್ರ. ಹಾಡಿನ ನಡುವೆ ತೆರೆಯ ಮೂಲೆಯಲ್ಲಿ ಅಕ್ಷರ ಮೂಡುತ್ತಿತ್ತು: ಆಟಗಾರ ಕಾಣುತ್ತಿಲ್ಲ. ಕ್ಯಾಮೆರಾದ ಮುಂದೆ ಬನ್ನಿ. ಅವನು ಮುಂದೆಯೇ ಇರುತ್ತಿದ್ದ. ನಾದಿನಿ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದಳು. "ಅಮ್ಮಾ, ಭಾವನ್ನ ಅದು ಬೀರು ಅಂದ್ಕೊಂಡಿದೆ! ಬಟ್ಟೆ ಇಡೋ ಬೀರು!" ಅಲ್ಲಿಂದ ಅವನಿಗೆ ಬೀರು ಭಾವ ಎಂದೇ ಹೆಸರಾಯಿತು. ಹಾಡು ಮುಗಿದ ಮೇಲೆ ಯಂತ್ರ ತಾನೇ ಕದ್ದು ತೆಗೆದ ಚಿತ್ರಗಳನ್ನು ತೋರಿಸುತ್ತಿತ್ತು. ಅತ್ತೆಯವು ಭಯಂಕರ: ಬಾಯಿ ತೆರೆದು, ಎರಡೂ ಕಾಲು ನೆಲ ಬಿಟ್ಟು, ಕರಡಿ ಪೈಜಾಮ ಗಾಳಿಯಲ್ಲಿ. ಅವನವುಗಳಲ್ಲಿ ಅವನು ಇರುತ್ತಲೇ ಇರಲಿಲ್ಲ. ಅಂಚಿನಲ್ಲಿ ಒಂದು ಮೊಣಕೈ, ಇಲ್ಲವೇ ಬರೀ ನೆಲ.

ಅವನ ಇನ್ನೊಂದು ತಪ್ಪಿಗೆ ದೀಪ ಕಾರಣವಾಗಿರಲಿಲ್ಲ, ಓದು ಕಾರಣವಾಗಿತ್ತು. ಅತ್ತೆಗೆ ಪ್ರಿಯವಾದ ಹಾಡಿಗೆ ಕಿತ್ತಳೆ ಬಣ್ಣದ ಕೂದಲಿನವಳೊಬ್ಬಳು ಕುಣಿಯುತ್ತಿದ್ದಳು, ನೋಡುವವರ ಕಡೆ ಮುಖ ಮಾಡಿ. ಕನ್ನಡಿಯೊಳಗಿನ ಬಿಂಬದ ಹಾಗೆ ಅವಳು. ನಾವು ಬಲಗೈ ಎತ್ತಬೇಕಾದಾಗ ತನ್ನ ಎಡಗೈ ಎತ್ತುತ್ತಿದ್ದಳು. ಅವನು ತರ್ಕ ಮಾಡುತ್ತಿದ್ದ. ಎದುರಿಗೆ ನಿಂತಿದ್ದಾಳೆ, ಎತ್ತಿದ್ದು ಅವಳ ಎಡಗೈ, ಆದ್ದರಿಂದ ನಾನೂ ಎಡಗೈ. ಎತ್ತುವ ಹೊತ್ತಿಗೆ ಅವಳು ಮುಂದಿನ ಹೆಜ್ಜೆಗೆ ಹೋಗಿಬಿಟ್ಟಿರುತ್ತಿದ್ದಳು, ಎತ್ತಿದ ಕೈಯೂ ತಪ್ಪೇ ಆಗಿರುತ್ತಿತ್ತು. "ಅಯ್ಯೋ, ಕನ್ನಡಿ ಅಂದ್ಕೊಳ್ಳಿ ಅಳಿಯಂದ್ರೆ," ಎಂದು ಪಕ್ಕದಲ್ಲಿ ಕುಣಿಯುತ್ತಲೇ ಅತ್ತೆ ಏದುಸಿರಿನಲ್ಲಿ ಹೇಳುತ್ತಿದ್ದರು. "ತಲೆ ಬಾಚ್ಕೊಳ್ಳುವಾಗ ಎಡ ಯಾವುದು ಬಲ ಯಾವುದು ಅಂತ ಯೋಚನೆ ಮಾಡ್ತೀರಾ? ಸುಮ್ನೆ ಬಾಚ್ಕೊಳ್ತೀರಿ ತಾನೇ?" ಹೆಜ್ಜೆಗಳಿಗೆ ಅವರೇ ಹೆಸರಿಟ್ಟಿದ್ದರು. ಬಲಗೈಯನ್ನು ಪಕ್ಕಕ್ಕೆ ಚಾಚಿ, ಮೈಭಾರವನ್ನೂ ಅತ್ತ ಹಾಕುವುದು, ಆಮೇಲೆ ಎಡಕ್ಕೂ ಹಾಗೆಯೇ: ಅದು ಪರದೆ. ಮುಷ್ಟಿ ಕೆಳಗೆ ಕುಟ್ಟಿ, ಅದರ ಜೊತೆಗೇ ಒಂದು ಕಾಲು ಮುಂದಕ್ಕೆ ಇಡುವುದು: ಅದು ಮುದ್ರೆ, ಅಂಚೆ ಮುದ್ರೆ. ಎರಡೂ ಕೈ ತಲೆಯ ಮೇಲೆ ಸುತ್ತುವುದಕ್ಕೆ ನಾದಿನಿ ಬೇಕೆಂದೇ 'ಭಾವನ ದೀಪ' ಎಂದು ಹೆಸರಿಟ್ಟಿದ್ದಳು. ಆ ಹೆಜ್ಜೆ ಬಂದಾಗ ಅವನು ಕೈಯನ್ನು ಕಿವಿಯವರೆಗೆ ಮಾತ್ರ ತರುತ್ತಿದ್ದ.

ಸಿಗ್ನಲ್ಲಿನಲ್ಲಿ ಹಿಂದೆ ನಿಂತಿದ್ದ ಕಾರು ಹಾರನ್ ಹೊಡೆಯಿತು. ಹಸಿರು ದೀಪ ಬಂದು ಎಷ್ಟು ಹೊತ್ತಾಗಿತ್ತೋ. ಪಕ್ಕದ ಸೀಟಿನಲ್ಲಿ ಅತ್ತೆಯ ಕೈ ತೊಡೆಯ ಮೇಲೆ ತನ್ನಷ್ಟಕ್ಕೆ ಆಡುತ್ತಿತ್ತು. ಅದು ಕಾಯಿಲೆಯ ನಡುಕ, ಅದಕ್ಕೆ ತಾಳವಿಲ್ಲ. ಆದರೂ ಅವನು ಒಂದು ತಾಳಕ್ಕಾಗಿ ಕಿವಿಗೊಟ್ಟಿದ್ದ. ಅಂಚೆ ಕಚೇರಿಯ ತೂತಿನಿಂದ ಹೊರಗೆ ಬಂದ ಮೇಲೆ ಈ ಹೆಂಗಸಿಗೆ ಕಾಲು ಸಿಕ್ಕಿದ್ದು ಕೆಲವೇ ವರ್ಷ ಎಂದು ಅವನಿಗೆ ಅನ್ನಿಸಿತು, ಅದನ್ನೂ ಅವನು ಇವತ್ತು ತನ್ನ ಅರ್ಧ ದಿನದ ರಜೆಯೊಳಗೆ ಮುಗಿಸಿಬಿಡಬೇಕೆಂದಿದ್ದ. "ಅತ್ತೆ," ಎಂದ. "ಏನು?" "ಏನಿಲ್ಲ. ಬೆಲ್ಟ್ ಬಿಗಿಯಾಯ್ತಾ?" "ಸರಿಯಾಗಿದೆ. ಮುಂದೆ ನೋಡ್ಕೊಂಡು ಓಡಿಸಿ."

ಆಸ್ಪತ್ರೆಯ ಗಾಜಿನ ಹೊರಬಾಗಿಲು ಅಗಲವಾಗಿತ್ತು, ತಾನಾಗಿಯೇ ಸರಿಯಿತು. ಅತ್ತೆ ಅದನ್ನು ದಾಟಿದರು, ಸಣ್ಣ ಸಣ್ಣ ಹೆಜ್ಜೆ, ಅವನ ತೋಳು ಹಿಡಿಯದೆ. ಒಳಗೆ ಗೋಡೆಗೆ ಒರಗಿಸಿ ಗಾಲಿ ಕುರ್ಚಿಗಳ ಸಾಲು. ಅವನು ಅತ್ತ ನೋಡಲಿಲ್ಲ. ನೋಡಲಿಲ್ಲವೆಂಬುದನ್ನು ಅತ್ತೆ ನೋಡಿದರೆಂದು ಅವನಿಗೆ ಗೊತ್ತಾಯಿತು. ಡಾಕ್ಟರು ಮೂರನೆಯ ಮಹಡಿಯಲ್ಲಿದ್ದರು. ಲಿಫ್ಟ್ ಬಂತು. ಕಾಯುತ್ತಿದ್ದ ಇಬ್ಬರು ಒಳಗೆ ಹೋದರು: ಹೆಲ್ಮೆಟ್ ತೆಗೆಯದ ಕೊರಿಯರ್‌ನವನೊಬ್ಬ, ಎದೆಗೆ ರಟ್ಟಿನ ಪೆಟ್ಟಿಗೆ ಒತ್ತಿಕೊಂಡು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಒಬ್ಬಳು. ಅಳಿಯ ಅತ್ತೆಗಿಂತ ಮೊದಲು ಹತ್ತಿ, ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದು, ತಿರುಗಿ ನಿಂತ. ಅತ್ತೆ ಲಿಫ್ಟಿನ ಅಂಚಿಗೆ ಬಂದರು. ನೆಲಕ್ಕೂ ಲಿಫ್ಟಿಗೂ ನಡುವೆ ಒಂದು ಸೀಳು, ಬೆರಳಿನಷ್ಟು ಅಗಲ, ಕೆಳಗೆ ಕತ್ತಲೆ. ಅಲ್ಲಿ ಕಾಲು ನಿಂತವು.

ಷೂಗಳು ಇದ್ದಲ್ಲೇ ಅದುರಿದವು. ಮೈ ತುಸು ಮುಂದೆ ವಾಲಿತು. "ಆಗುತ್ತೆ ಅತ್ತೆ, ನಿಧಾನವಾಗಿ," ಎಂದ ಅವನು. ಹಾಗೆಂದದ್ದರಿಂದ ಏನೂ ಆಗುವುದಿಲ್ಲವೆಂದು ತಿಳಿದೂ ಎಂದ. ಮುಚ್ಚಲು ಬಂದ ಬಾಗಿಲು ಅವನ ಕೈಯನ್ನು ಕಂಡು ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. "ಹತ್ತಮ್ಮಾ ಬೇಗ," ಎಂದ ಕೊರಿಯರ್‌ನವನು, ಒರಟಾಗಿ ಅಲ್ಲ, ಪೆಟ್ಟಿಗೆಯ ಭಾರಕ್ಕೆ. ಅತ್ತೆಯ ಹಿಂದೆ ಇನ್ನಿಬ್ಬರು ಬಂದು ನಿಂತರು. ಗೋಡೆಯ ಬಳಿಯಿಂದ ಆಸ್ಪತ್ರೆಯ ಸಹಾಯಕಿಯೊಬ್ಬಳು ಕೂಗಿದಳು: "ಸಾರ್, ಗಾಡಿ ತರ್ಲಾ?" ಆಗಲೇ ಒಂದರ ಗಾಲಿ ಕಿರ್ರೆಂದು ತಿರುಗಿದ ಸದ್ದು.

ಅತ್ತೆ ಅವನ ಮುಖ ನೋಡಿದರು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ತುಂಬ ಮೆತ್ತಗೆ ಹೇಳಿದರು: "ತರಿಸಿಬಿಡಿ ಅಳಿಯಂದ್ರೆ. ನನಗೂ ಸುಸ್ತಾಗಲ್ಲ, ನಿಮಗೂ ತಡ ಆಗಲ್ಲ."

ಹಾಗಾದರೆ ನಲ್ಲಿ ನಿಂತಿತ್ತು. ಅವನ ಮಾತನ್ನೇ, ಅವನು ಜೋಡಿಸಿದ ಕ್ರಮದಲ್ಲೇ, ಚೂರೂ ಉಳಿಯದ ಹಾಗೆ ಹೆಕ್ಕಿ ಅವರು ಅವನ ಮುಂದೆ ಇಟ್ಟಿದ್ದರು, ಅವತ್ತು ಗಾಜನ್ನು ಹೆಕ್ಕಿ ಪತ್ರಿಕೆಯ ಮೇಲೆ ಇಟ್ಟ ಹಾಗೆ. ಅವತ್ತು ಅವನನ್ನು ಉಳಿಸಲು ಸುಳ್ಳು ಹೇಳಿದ್ದವರು ಇವತ್ತೂ ಅವನನ್ನೇ ಉಳಿಸುತ್ತಿದ್ದರು. ಹೌದು ಎಂದರೆ ಸಾಕಿತ್ತು. ಸಹಾಯಕಿ ಕುರ್ಚಿಯನ್ನು ತಳ್ಳಿಕೊಂಡು ಬರುತ್ತಿದ್ದಳು. ಕ್ಷಮಿಸಿ ಎನ್ನಬೇಕೆಂದು ಅವನು ಬಾಯಿ ತೆರೆದ. ಲಿಫ್ಟಿನಲ್ಲಿ, ಇಷ್ಟು ಜನರ ಮುಂದೆ, ಆ ಪದ ಹೊರಗೆ ಬರುವಷ್ಟು ದೊಡ್ಡದಾಗಲಿಲ್ಲ. ಬಂದದ್ದು ಬೇರೆಯೇ ಒಂದು ಪದ.

"ಪರದೆ," ಎಂದ.

ಅತ್ತೆ ಹುಬ್ಬು ಗಂಟಿಕ್ಕಿದರು. "ಏನು?"

"ಪರದೆ ಅತ್ತೆ. ಕಿತ್ತಳೆ ಕೂದಲಿನವಳದು." ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈ ತೆಗೆದು, ಅಲ್ಲಿಗೆ ತನ್ನ ಕಾಲು ಚಾಚಿ, ಅವನು ಆ ಹಾಡನ್ನು ಮೂಗಿನಲ್ಲಿ ಗುನುಗಲು ಶುರು ಮಾಡಿದ. ಸ್ವರ ಎಲ್ಲಿಗೋ ಹೋಯಿತು. ಮಗು ಬಾಯಿಂದ ಬೆರಳು ತೆಗೆದು ನೋಡಿತು. ಕೊರಿಯರ್‌ನವನು ಹೆಲ್ಮೆಟ್ಟಿನ ಗಾಜನ್ನು ಮೇಲಕ್ಕೆ ಸರಿಸಿದ. "ಸಾರ್, ಏನ್ ಇದು, ಡ್ಯಾನ್ಸಾ?" "ಒಂದು ನಿಮಿಷ," ಎಂದ ಅಳಿಯ, ಕಿವಿ ಮತ್ತೆ ಅದೇ ಹಳೆಯ ಬಿಸಿ. ಮೊಣಕೈ ಪಕ್ಕೆ ಬಿಟ್ಟು ಬರಲು ಒಪ್ಪಲಿಲ್ಲ. ಇಷ್ಟು ವರ್ಷಗಳ ಅಭ್ಯಾಸ. ಬಟ್ಟೆಯ ಹೊಲಿಗೆ ಬಿಚ್ಚಿದ ಹಾಗೆ ಅದನ್ನು ಎಳೆದು ಬಿಡಿಸಬೇಕಾಯಿತು. ಬಿಡಿಸಿದ, ಬಲಗೈಯನ್ನು ಪಕ್ಕಕ್ಕೆ, ಕೊರಿಯರ್‌ನವನ ಪೆಟ್ಟಿಗೆಗೆ ತಾಗುವಷ್ಟು ಪೂರ್ತಿ ಚಾಚಿದ.

ಅತ್ತೆಯ ಕೈ ಮೇಲೇಳಲು ಹೊರಟಿತು. ಬಲವೋ ಎಡವೋ ತಿಳಿಯದೆ ನಡುವೆಯೇ ನಿಂತಿತು. ಅವರ ಮುಖದಲ್ಲಿ ಒಂದು ಅಸಹನೆ ಮೂಡಿತು, ಅವನು ಬಹಳ ದಿನಗಳಿಂದ ಕಾಣದಿದ್ದದ್ದು, ಅಂಚೆ ಕಚೇರಿಯಲ್ಲಿ ಜನ ತಪ್ಪು ಸಾಲಿನಲ್ಲಿ ನಿಂತಾಗ ಮೂಡುತ್ತಿತ್ತೆಂದು ಹೆಂಡತಿ ಹೇಳುತ್ತಿದ್ದದ್ದು.

"ಎಡ, ಅಳಿಯಂದ್ರೆ! ನಿಮ್ಮ ಎಡ! ಈಗ ಟೀವಿ ಒಳಗಿರೋದು ನೀವು."

ಅವನು ತನ್ನ ಸುತ್ತ ನೋಡಿಕೊಂಡ. ನಿಜ. ಬೆಳಕು ತುಂಬಿದ ಚೌಕ ಪೆಟ್ಟಿಗೆ, ಅದರೊಳಗೆ ಅವನು, ಹೊರಗೆ ಗುರುತಿನ ಮೇಲೆ ನಿಂತು ನೋಡುತ್ತಿರುವ ಅತ್ತೆ. ಅವನು ತರ್ಕ ಮಾಡಲಿಲ್ಲ. ಎಡಗೈ ಚಾಚಿದ. ಅತ್ತೆಯ ಬಲಗೈ, ನಡುಗುತ್ತಲೇ, ಎದ್ದು ಪಕ್ಕಕ್ಕೆ ಹೋಯಿತು. ಅದರ ಹಿಂದೆ ಮೈಭಾರವೂ ಬಲಗಾಲಿನ ಮೇಲೆ ವಾಲಿತು. ಅವನು ಬಲಗೈ; ಅವರು ಎಡ. ಎಡಗಾಲಿನ ಷೂ ಭಾರ ಹೊತ್ತುಕೊಂಡಿತು, ಬಲ ಷೂವಿನ ಹಿಮ್ಮಡಿ ನೆಲ ಬಿಟ್ಟಿತು. "ಮುದ್ರೆ," ಎಂದರು ಅತ್ತೆ, ಅವನಿಗಿಂತ ಮೊದಲು. ಅವರ ಮುಷ್ಟಿ ಗಾಳಿಯಲ್ಲಿ ಕೆಳಗೆ ಕುಟ್ಟಿತು, ಯಾವುದೋ ಊರಿಗೆ ಹೋಗಬೇಕಾದ ಯಾವುದೋ ಕಾಗದದ ಮೇಲೆ ಕುಟ್ಟಿದಂತೆ, ಅದರ ಜೊತೆಗೇ ಬಲಗಾಲು ಆ ಕತ್ತಲೆಯ ಸೀಳನ್ನು ದಾಟಿ ಲಿಫ್ಟಿನೊಳಗೆ ಬಂದು ಕೂತಿತು. ಎಡಗಾಲು ಅದನ್ನು ಹಿಂಬಾಲಿಸಿತು, ಮತ್ತೇನೂ ದೊಡ್ಡ ಸಂಗತಿಯಲ್ಲವೆಂಬಂತೆ. ಆದರೆ ಹಾಡು ಅಲ್ಲಿಗೆ ಮುಗಿಯುವುದಿಲ್ಲ, ಮುದ್ರೆಯ ಮೇಲೆ ದೀಪ ಬರಬೇಕು; ಅಳಿಯನ ಎರಡೂ ಕೈ ಅವನನ್ನು ಕೇಳದೆಯೇ ತಲೆಯ ಮೇಲೆ ಎದ್ದವು, ಕಿವಿಯನ್ನು ದಾಟಿ, ಲಿಫ್ಟಿನ ಛಾವಣಿಯ ಬಿಳಿ ದೀಪದವರೆಗೆ.

ಹೊರಗಿದ್ದವರು ಹತ್ತಲಿಲ್ಲ. ಸಹಾಯಕಿ ಖಾಲಿ ಕುರ್ಚಿಯ ಹಿಂದೆ ನಿಂತೇ ಇದ್ದಳು. ಅವನು ಕಾಲು ತೆಗೆದ, ಬಾಗಿಲು ಮುಚ್ಚಿತು. ಲಿಫ್ಟ್ ಅಲುಗಲಿಲ್ಲ. "ಯಾವ ಮಹಡಿ ಸಾರ್? ಯಾರೂ ಒತ್ತೇ ಇಲ್ಲ," ಎಂದ ಕೊರಿಯರ್‌ನವನು ಕೊನೆಗೆ, ಪೆಟ್ಟಿಗೆಯ ಮೂಲೆಯಿಂದಲೇ ಗುಂಡಿ ಒತ್ತಲು ಬಾಗುತ್ತ. "ಮೂರು," ಎಂದರು ಅತ್ತೆ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಕೆನ್ನೆ ಕೆಂಪಾಗಿತ್ತು, ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಅಳಿಯನ ಬೆನ್ನ ಹಿಂದೆ ಲಿಫ್ಟಿನ ಗೋಡೆಗೆ ಕನ್ನಡಿಯಿತ್ತು. ಅದರಲ್ಲಿ ತಮ್ಮನ್ನು ತಲೆಯಿಂದ ಷೂಗಳವರೆಗೆ ಒಮ್ಮೆ ನೋಡಿಕೊಂಡರು, ಷೂಗಳನ್ನು ತುಸು ಹೆಚ್ಚು ಹೊತ್ತು. ಆಮೇಲೆ ಅವನನ್ನು ನೋಡಿ ಹೇಳಿದರು:

"ಕೈ ಇಳಿಸಿ ಅಳಿಯಂದ್ರೆ. ಇದನ್ನೂ ಒಡೆದ್ರೆ, ಇಷ್ಟ ಇರಲಿಲ್ಲ ಅಂತ ನಾನು ಇನ್ನೊಂದು ಸಲ ಸುಳ್ಳು ಹೇಳಲ್ಲ."

ಅವನು ಕೈ ಇಳಿಸಿದ. ನಗಬೇಕೆಂದುಕೊಂಡ, ಕಣ್ಣು ತುಂಬಿಕೊಂಡದ್ದರಿಂದ ಮಹಡಿಯ ಅಂಕಿಗಳನ್ನು ನೋಡುವ ನೆಪ ಮಾಡಿದ. "ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ..." ಎಂದು ಶುರು ಮಾಡಿದ. "ಸುಮ್ನಿರಿ," ಎಂದರು ಅತ್ತೆ, "ಹೆಜ್ಜೆ ಮರೆತುಹೋಗುತ್ತೆ." ಮಗು ಬರೀ ಗಾಳಿಯಲ್ಲಿ ಮುಷ್ಟಿ ಕುಟ್ಟಿತು.

ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಮತ್ತದೇ ಸೀಳು, ಅದರ ಆಚೆ ಉದ್ದನೆಯ ಮೊಗಸಾಲೆ, ಎರಡೂ ಬದಿ ಕುರ್ಚಿಗಳ ಮೇಲೆ ಕಾಯುತ್ತಿರುವ ಜನ, ಕೊನೆಯಲ್ಲಿ ಅರ್ಧ ತೆರೆದ ಡಾಕ್ಟರ ಬಾಗಿಲು. ಅಲ್ಲಿ ಇನ್ನೊಂದು ಹೊಸ್ತಿಲು. ಕೂತಿದ್ದವರೆಲ್ಲ ತಲೆ ಎತ್ತಿದರು. ಅಳಿಯ ಹಿಂದೆ ಹಿಂದೆ ಹೆಜ್ಜೆ ಇಟ್ಟು ಮೊದಲು ಹೊರಗೆ ಬಂದ, ಎಲ್ಲರಿಗೂ ಬೆನ್ನು ಮಾಡಿ ಅತ್ತೆಯ ಎದುರಿಗೆ ನಿಂತ, ಮತ್ತು ಯಾರೂ ಹೇಳದೆ ತನ್ನ ಎಡಗೈ ಎತ್ತಿದ.